ಸಿಲ್ವರ್ ಓಕ್ ಮರಕ್ಕೆ ಎಫ್‌ಎಸ್‌ಸಿ ಮುದ್ರೆ: ಸಣ್ಣ ಬೆಳೆಗಾರರಿಗೆ ದಾರಿ ಇದೆಯೇ?

ಶನಿವಾರಸಂತೆ ಬೆಳೆಗಾರ:
ನಮ್ಮದು ಐದು ಎಕರೆ ಕಾಫಿ ತೋಟ. ಮೆಣಸಿನ ಬಳ್ಳಿ ಹಬ್ಬಿಸಲೆಂದು ಅಪ್ಪ ನೆಟ್ಟ ಸಿಲ್ವರ್ ಓಕ್ ಈಗ ಕಟಾವಿಗೆ ಬಂದಿದೆ. ಮರದ ವ್ಯಾಪಾರಿ ಬಂದು, ಪ್ಲೈವುಡ್‌ಗೆ ಹೋಗುವ ಮಾಲು ಎಂದು ಕಡಿಮೆ ದರ ಹೇಳಿದರು. ಬೆಂಗಳೂರಿನ ನಾಗಸಂದ್ರದ ಐಕಿಯಾ ಪೀಠೋಪಕರಣ ಮಳಿಗೆಯಿಂದ ತಂಗಿ ಮೇಜು ತಂದಿದ್ದಾಳೆ. ಆ ಕಂಪನಿಯವರು ಹೊಣೆಯಿಂದ ಬೆಳೆದ ಮರವನ್ನೇ ಕೊಳ್ಳುತ್ತಾರಂತೆ. ಅಂಥ ಮರಕ್ಕೆ ಎಫ್‌ಎಸ್‌ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆ ಇರುತ್ತದಂತೆ. ನಮ್ಮ ಮರ ಅಂಥ ಕಡೆಗೆ ಹೋಗಬಹುದೇ? ಹಲಸು, ನಂದಿ ತೆಗೆದು ತೋಟವೆಲ್ಲ ಸಿಲ್ವರ್ ಓಕ್ ಹಾಕೋಣ ಎಂದು ಮಗ ಹೇಳುತ್ತಿದ್ದಾನೆ. ನನಗೆ ಮನಸ್ಸಿಲ್ಲ.

ಕುಶಾಲನಗರ ಮರಗೆಲಸ:
ಅಣ್ಣ, ನೇರವಾಗಿ ಹೋಗುವುದು ಕಷ್ಟ. ಐಕಿಯಾ 1943ರಲ್ಲಿ ಸ್ವೀಡನ್‌ನಲ್ಲಿ ಶುರುವಾಯಿತು. ಭಾರತದ ಮೊದಲ ಮಳಿಗೆ ಹೈದರಾಬಾದಿನಲ್ಲಿ 2018ರಲ್ಲಿ, ನಾಗಸಂದ್ರದ್ದು 2022ರಲ್ಲಿ ತೆರೆಯಿತು. ಇಷ್ಟು ದೊಡ್ಡದಾದ ಕಂಪನಿಗೆ ಬೇಕಾಗುವ ಮರವೂ ಅಪಾರ; ಒಬ್ಬೊಬ್ಬ ಬೆಳೆಗಾರನ ಬಾಗಿಲಿಗೆ ಅದು ಬರುವುದಿಲ್ಲ, ಕಾರ್ಖಾನೆಗಳ ಮೂಲಕ ಕೊಳ್ಳುತ್ತದೆ. ಆದ್ದರಿಂದ ತೋಟ, ಸಾಮಿಲ್, ಕಾರ್ಖಾನೆ ಹೀಗೆ ಮರ ಕೈ ಬದಲಿಸುವ ಪ್ರತಿ ಹಂತದಲ್ಲೂ ದಾಖಲೆ ಇರಬೇಕು. ನಡುವೆ ಒಬ್ಬ ಪ್ರಮಾಣಪತ್ರವಿಲ್ಲದ ವ್ಯಾಪಾರಿ ಬಂದರೆ ಎಫ್‌ಎಸ್‌ಸಿ ಮುದ್ರೆ ಅಲ್ಲಿಗೇ ಕಡಿದುಹೋಗುತ್ತದೆ. ಸಣ್ಣವರಿಗೆ ಗುಂಪು ಪ್ರಮಾಣಪತ್ರದ ದಾರಿ ಇದೆ: ಹಲವು ತೋಟಗಳು ಸೇರಿ ಒಂದೇ ಪ್ರಮಾಣಪತ್ರ ಪಡೆದು ಖರ್ಚು ಹಂಚಿಕೊಳ್ಳುತ್ತವೆ.

ಮುದ್ರೆ ಇದ್ದರೆ ಎಲ್ಲವೂ ಸರಿ ಎಂದುಕೊಳ್ಳಬೇಡಿ. ಉಕ್ರೇನಿನ ಕಾರ್ಪೇಥಿಯನ್ ಕಾಡಿನಲ್ಲಿ ಅಕ್ರಮವಾಗಿ ಕಡಿದ ಬೀಚ್ ಎಂಬ ಜಾತಿಯ ಮರ ಐಕಿಯಾ ಕುರ್ಚಿಗಳಿಗೆ ಹೋಗಿದೆ ಎಂದು ಅರ್ತ್‌ಸೈಟ್ ಎಂಬ ತನಿಖಾ ಸಂಸ್ಥೆ 2020ರಲ್ಲಿ ಆರೋಪಿಸಿತು. ಆ ಮರಕ್ಕೂ ಎಫ್‌ಎಸ್‌ಸಿ ಪ್ರಮಾಣಪತ್ರವಿತ್ತು.

ಪೊಲ್ಲಿಬೆಟ್ಟ ಅಕ್ಕ:
ಮರದ ಜೊತೆಗೆ ಆಳುಗಳ ವಿಷಯವೂ ಬರುತ್ತದೆ. ಐಕಿಯಾ 2000ದಲ್ಲಿ ತಂದ ‘ಐವೇ’ ನಿಯಮಾವಳಿ ಪೂರೈಕೆದಾರರಿಗೆ ಬಾಲಕಾರ್ಮಿಕರು, ಬಲವಂತದ ದುಡಿಮೆ ಬೇಡವೆನ್ನುತ್ತದೆ. ಕೂಲಿ, ಸುರಕ್ಷತೆಯ ನಿಯಮವೂ ಇದೆ. ಮರ ಕಡಿಯುವವರಿಗೆ ಹೆಲ್ಮೆಟ್, ಆಳುಗಳು ಇರುವ ಲೈನ್ ಮನೆಗೆ ಶೌಚಾಲಯ, ಕುಡಿಯುವ ನೀರು, ಇವನ್ನು ಯಾರೂ ಕೇಳದಿದ್ದರೂ ನಾವು ಮಾಡಲೇಬೇಕು. ಕೇಳುವವರು ಬಂದರೆ ಒಳ್ಳೆಯದೇ.

ನಿಮ್ಮ ಮಗನಿಗೂ ಒಂದು ಮಾತು ಹೇಳಿ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಕಿಲ್ಲ, ನಂದಿಗೆ ಬೇಕು. ಈ ಅನುಕೂಲಕ್ಕೇ ಆಸ್ಟ್ರೇಲಿಯಾ ಮೂಲದ ಈ ಮರ ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಜಾಗವನ್ನೆಲ್ಲ ಆಕ್ರಮಿಸುತ್ತಿದೆ. ಹಕ್ಕಿಗಳಿಗೆ ಹಲಸು, ಅತ್ತಿ ಕೊಡುವ ಹಣ್ಣನ್ನು ಅದು ಕೊಡುವುದಿಲ್ಲ. ಮುದ್ರೆಯ ಆಸೆಗೆ ಊರಿನ ಮರ ತೆಗೆದರೆ ಅದು ಹೊಣೆಗಾರಿಕೆ ಆಗುವುದಾದರೂ ಹೇಗೆ?

ಶನಿವಾರಸಂತೆ ಬೆಳೆಗಾರ:
ಅಕ್ಕ, ಮಗನಿಗೆ ಇದನ್ನೇ ಓದಿ ಹೇಳುತ್ತೇನೆ. ಮಾರುವ ಸಿಲ್ವರ್ ಓಕ್‌ಗೆ ಮಾತ್ರ ಗುರುತು ಹಾಕುತ್ತೇವೆ, ಖಾಲಿಯಾದ ಜಾಗಕ್ಕೆ ಹಲಸು ನೆಡುತ್ತೇವೆ. ಪಿರಿಯಾಪಟ್ಟಣ, ಹುಣಸೂರು ಕಡೆ ಗುಂಪು ಪ್ರಮಾಣಪತ್ರ ಪಡೆದ ಬೆಳೆಗಾರರು ಇದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಖರ್ಚು ಎಷ್ಟು ಬಂತು, ಮರಕ್ಕೆ ದರ ಹೆಚ್ಚಾಯಿತೇ, ಅಷ್ಟು ತಿಳಿದರೆ ಸಾಕು.