ಬಿಸಿನೀರಿಗೆ ಎಷ್ಟು ಸ್ಟಾರು?

ನಮ್ಮ ಮನೆಯ ಗೀಸರು ಹನ್ನೊಂದು ವರ್ಷ ದುಡಿದು, ಡಿಸೆಂಬರಿನ ಒಂದು ಸೋಮವಾರ ಬೆಳಿಗ್ಗೆ ತೀರಿಕೊಂಡಿತು. ನಾನು ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದಾಗ. ಗೀಸರುಗಳ ಜಾತಿಯೇ ಹಾಗೆ, ನಾವು ಸೋಪು ಹಚ್ಚಿಕೊಳ್ಳುವವರೆಗೆ ಹೇಗೋ ಜೀವ ಹಿಡಿದುಕೊಂಡಿರುತ್ತವೆ. ಮಧ್ಯಾಹ್ನ ಪ್ಲಂಬರ್ ಹುಡುಗ ಬಂದು, ತಳದಿಂದ ತುಕ್ಕುನೀರು ಸುರಿಸುತ್ತಿದ್ದ ಅದನ್ನು ಇಳಿಸಿ ಗುಜರಿಗೆ ಹೊತ್ತುಕೊಂಡು ಹೋದ. ಟೈಲ್ಸಿನ ಗೋಡೆಯಲ್ಲಿ ಎರಡು ಬೋಲ್ಟು ಮಾತ್ರ ಉಳಿದವು. ಸಂಜೆಯೊಳಗೆ ನನ್ನ ಹೆಂಡತಿ ಅದಕ್ಕೆ ಟವೆಲ್ ನೇತುಹಾಕಿಯೂ ಆಗಿತ್ತು.

ಹೊಸದು ಯಾವುದು ತರಲಿ ಎಂದು ನಾನು ಬಾಯಿ ಬಿಟ್ಟದ್ದು ತಪ್ಪಾಯಿತು. ಬಿಟ್ಟ ಜಾಗ ಇನ್ನೂ ದೊಡ್ಡ ತಪ್ಪು. ಶಿವಮೊಗ್ಗದ ನಮ್ಮ ಬೀದಿಯ ತುದಿಯಲ್ಲಿ ಭಟ್ಟರ ಕ್ಯಾಂಟೀನಿದೆ, ಅದರ ಮುಂದೆ ಒಂದು ಕಟ್ಟೆ. ಬೆಳಗಿನ ವಾಕಿಂಗ್ ಎಂದು ಮನೆಯಲ್ಲಿ ಹೇಳಿ ಬರುವ ನಾವು ಐವರು ನಡೆಯುವುದು ಆ ಕಟ್ಟೆಯವರೆಗೆ ಮಾತ್ರ. ಮೀಟರ್ ಮಂಜಣ್ಣ ಕರೆಂಟ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಹಂಡೆ ಗಿರಿಯಪ್ಪನಿಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಸೋಲಾರ್ ಶಿವಣ್ಣನ ತಾರಸಿ ದೂರದಿಂದ ನೋಡಿದರೆ ಉಪಗ್ರಹ ಕೇಂದ್ರದ ಹಾಗೆ ಕಾಣುತ್ತದೆ. ಜರ್ಮನಿ ಪಾಂಡು ಸ್ಟುಟ್‌ಗಾರ್ಟಿನ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದವನು. ವಾಪಸ್ ಬಂದು ಎರಡು ವರ್ಷವಾಯಿತು, ಅವನಿಗೆ ಇನ್ನೂ ತಿಳಿದಿಲ್ಲ.

"ಫೈವ್ ಸ್ಟಾರ್ ತಗೋ, ಕಣ್ಣು ಮುಚ್ಚಿ" ಅಂದ ಶಿವಣ್ಣ.

"ಫೈವ್ ಸ್ಟಾರ್ ಅಂದ್ರೆ ಎಂತ ಅಂತ ಗೊತ್ತಾ ನಿಂಗೆ?" ಮಂಜಣ್ಣ ಕೇಳಿದ.

"ಬೇಗ ಕಾಯುತ್ತೆ, ಕರೆಂಟ್ ಕಮ್ಮಿ ತಿನ್ನುತ್ತೆ. ಇನ್ನೆಂತ?"

ಮಂಜಣ್ಣ ಕಾಫಿ ಲೋಟ ಕೆಳಗಿಟ್ಟ. ಅವನು ಲೋಟ ಕೆಳಗಿಟ್ಟನೆಂದರೆ ಅರ್ಧ ಗಂಟೆ ಹೋಯಿತೆಂದು ಲೆಕ್ಕ.

"ನೋಡು, ಗೀಸರಿನ ಕಾಯಿಲ್ ನೀರೊಳಗೇ ಮುಳುಗಿರುತ್ತೆ. ತಗೊಂಡ ಕರೆಂಟನ್ನೆಲ್ಲ ನೀರಿಗೇ ಕೊಡುತ್ತೆ, ಬೇರೆ ಎಲ್ಲಿ ಕೊಡ್ಬೇಕು? ಆ ವಿಷಯದಲ್ಲಿ ಒಂದು ಸ್ಟಾರಿಂದಕ್ಕೂ ಐದು ಸ್ಟಾರಿಂದಕ್ಕೂ ವ್ಯತ್ಯಾಸ ಇಲ್ಲ. 15 ಲೀಟರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ಏರಿಸ್ಬೇಕು ಅಂದ್ರೆ ಸುಮಾರು 0.6 ಯೂನಿಟ್ ಬೇಕು. ಬ್ರಹ್ಮ ಬಂದು ಕಾಯಿಸಿದ್ರೂ ಅಷ್ಟೇ ಬೇಕು. ಎರಡು ಕಿಲೋವ್ಯಾಟಿನ ಗೀಸರಾದ್ರೆ ಹದಿನೆಂಟು ನಿಮಿಷ, ಮೂರರದ್ದಾದ್ರೆ ಹನ್ನೆರಡು. ಬೇಗ ಆಗುತ್ತೆ ಅಷ್ಟೆ, ಯೂನಿಟ್ ಅದೇ."

"ಹಾಗಾದ್ರೆ ಸ್ಟಾರ್ ಎಂತಕ್ಕೆ ಅಂಟಿಸ್ತಾರೆ, ಚಂದಕ್ಕಾ?"

"ಕಾದ ಮೇಲೆ ಗೀಸರ್ ಸುಮ್ನೆ ಕೂತಿರುತ್ತಲ್ಲ, ಆಗ ಮೈಯಿಂದ ಎಷ್ಟು ಶಾಖ ಸೋರಿ ಹೋಗುತ್ತೆ ಅನ್ನೋದಕ್ಕೆ. 24 ಗಂಟೆ ಏನೂ ಕೆಲಸ ಮಾಡದೆ ಬಿಸಿ ಹಿಡ್ಕೊಂಡು ಕೂತ್ರೆ ಎಷ್ಟು ಕಳ್ಕೊಳ್ತೀಯ, ಅದನ್ನ ಅಳೀತಾರೆ. ಕಮ್ಮಿ ಕಳ್ಕೊಂಡ್ರೆ ಹೆಚ್ಚು ಸ್ಟಾರ್. 2002ರಲ್ಲಿ ದಿಲ್ಲಿಯಲ್ಲಿ ಇಂಧನ ದಕ್ಷತೆಯ ಬ್ಯೂರೋ ಹುಟ್ಟಿತು, 2006ರಲ್ಲಿ ಈ ಸ್ಟಾರಿನ ಪದ್ಧತಿ ಬಂತು."

ಕಟ್ಟೆಯ ಮೇಲೆ ಒಂದು ಕ್ಷಣ ಮೌನ. ನಾವೆಲ್ಲ ನಿವೃತ್ತರು. ಏನೂ ಮಾಡದೆ ಕೂರುವುದನ್ನು ಅಳೆಯಲು ಸರ್ಕಾರದಲ್ಲಿ ಒಂದು ಕಚೇರಿಯೇ ಇದೆ ಎಂಬುದು ನಮಗೆ ಗೊತ್ತಿರಲಿಲ್ಲ.

"ಅಂದ್ರೆ, ಸುಮ್ನೆ ಕೂರೋಕೆ ಸ್ಟಾರ್ ಕೊಡ್ತಾರಾ?" ಗಿರಿಯಪ್ಪ ನೆಟ್ಟಗೆ ಕೂತ. "ಮತ್ತೆ ನಮ್ಮನ್ಯಾಕೆ ಬಿಟ್ಟಿದ್ದಾರೆ ಮಾರಾಯ?"

ಅಲ್ಲಿಂದ ಗೀಸರು ಬದಿಗೆ ಸರಿದು ಪರಸ್ಪರ ಸ್ಟಾರ್ ಹಂಚಿಕೆ ಶುರುವಾಯಿತು. ಯಾರು ಏನೆಂದರೂ ಬಿಸಿಯಾಗದ ಗಿರಿಯಪ್ಪನಿಗೆ ಸ್ಟಾರೇ ಬೇಡ, ಅವನು ಕಾಯುವುದೇ ಇಲ್ಲ ಎಂದು ತೀರ್ಮಾನವಾಯಿತು. ಬೆಳಿಗ್ಗೆ ಪೇಪರ್ ಓದಿದ ಸಿಟ್ಟನ್ನು ರಾತ್ರಿ ಊಟದವರೆಗೂ ಆರಲು ಬಿಡದ ಮಂಜಣ್ಣನಿಗೆ ಐದು. ಮಾತೆತ್ತಿದರೆ ಕುದ್ದು ಐದು ನಿಮಿಷಕ್ಕೆ ತಣ್ಣಗಾಗುವ ಪಾಂಡುವಿಗೆ ಒಂದು. ಪಾಂಡು ಕೂಡಲೇ ಕುದ್ದ.

"ಸರಿ, ನಾನು ಐದು ಸ್ಟಾರಿಂದೇ ತರ್ಲಾ, ಬೇಡ್ವಾ?" ಎಂದೆ.

"ನೀನು ಸ್ನಾನ ಆದ ಕೂಡ್ಲೆ ಸ್ವಿಚ್ ಆಫ್ ಮಾಡ್ತೀಯಾ?" ಮಂಜಣ್ಣ ಪಾಟೀಸವಾಲು ಹಾಕಿದ.

"ಮಾಡ್ತೀನಿ."

"ನಿಜ ಹೇಳು."

"ರಾತ್ರಿ ಮಲಗೋವಾಗ."

"ಹಾಗಾದ್ರೆ ಐದೇ ಬೇಕು. ಹದಿನೈದು ನಿಮಿಷ ಹಾಕಿ ಆರಿಸೋ ಜಿಪುಣನಿಗೆ ಯಾವುದಾದ್ರೂ ಆದೀತು, ಅವನ ಗೀಸರು ಕೂರೋದೇ ಇಲ್ಲವಲ್ಲ. ಐದು ಸ್ಟಾರ್ ಇರೋದು ನಿನ್ನಂಥ ಮರೆಗುಳಿಗಳಿಗೆ. ಅಂದ ಹಾಗೆ, ಹಳೇದರ ಆನೋಡ್ ಕಂಬಿ ಯಾವಾಗ ಬದಲಾಯಿಸಿದ್ದೆ?"

ಆನೋಡ್ ಎಂಬುದೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಟ್ಯಾಂಕಿನೊಳಗೆ ಮೆಗ್ನೀಸಿಯಂ ಕಂಬಿಯೊಂದು ಇರುತ್ತದಂತೆ. ನೀರು ಟ್ಯಾಂಕಿನ ಕಬ್ಬಿಣವನ್ನು ತಿನ್ನಲು ಬಂದರೆ ಅದು "ನನ್ನನ್ನು ತಿನ್ನು" ಎಂದು ಪುಣ್ಯಕೋಟಿಯ ಹಾಗೆ ಮುಂದೆ ನಿಲ್ಲುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹುಲಿಯ ಹಾಗೆ ಮನ ಕರಗುವ ಪೈಕಿಯಲ್ಲ, ತಿಂದೇ ಬಿಡುತ್ತದೆ. ಕಂಬಿ ಪೂರ್ತಿ ಸವೆಯುವ ಮುಂಚೆ ಹೊಸದು ಹಾಕಬೇಕು. ಹಾಕದಿದ್ದರೆ ಟ್ಯಾಂಕಿಗೆ ತೂತು. ಕೆಲವು ನೂರು ರೂಪಾಯಿಯ ಕಂಬಿ ಹಾಕದೆ ನಾನು ಗೀಸರನ್ನೇ ಕೊಂದೆ ಎಂದು ಮಂಜಣ್ಣ ಸಾಬೀತುಪಡಿಸಿದ. ಅಷ್ಟು ಹೊತ್ತಿಗೆ ಅವನ ಕಾಫಿ ಆರಿತ್ತು. ಭಟ್ಟರು ಬೇರೆ ತಂದಿಟ್ಟರು, ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿಗೆ.

"ಇಷ್ಟೆಲ್ಲ ಎಂತಕ್ಕೆ ಬೇಕು?" ಗಿರಿಯಪ್ಪ ಬಾಯಿ ತೆರೆದ. "ಹಿತ್ತಲಲ್ಲಿ ಒಂದು ಒಲೆ ಹೂಡು, ತಾಮ್ರದ ಹಂಡೆ ಕೂರಿಸು. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಎಷ್ಟು ಬೇಕು ಹೇಳು, ಪಿಕಪ್‌ನಲ್ಲಿ ಕಳಿಸ್ತೀನಿ. ನಮ್ಮ ಹಂಡೆಗೆ ನನ್ನ ಅಜ್ಜನ ವಯಸ್ಸು. ಆನೋಡೂ ಇಲ್ಲ, ಕ್ಯಾಥೋಡೂ ಇಲ್ಲ. ವರ್ಷಕ್ಕೊಂದು ಸಲ ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು ಹಾಕಿ ತಿಕ್ಕಿ, ಜೇಡಿ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡ್ಲಿಕಾಯಿ ಬಳ್ಳಿ ಸುತ್ತಿದ್ರೆ ಮುಗೀತು. ನಿನ್ನ ಗೀಸರಿಗೆ ಯಾರಾದ್ರೂ ಪೂಜೆ ಮಾಡ್ತಾರಾ?"

"ಆ ಒಲೇಲಿ ಸೌದೆಯ ಶಾಖ ನೂರಕ್ಕೆ ಹತ್ತೋ ಹನ್ನೆರಡೋ ಹಂಡೆಗೆ ಹೋದ್ರೆ ದೊಡ್ಡದು. ಉಳಿದಿದ್ದೆಲ್ಲ ನಷ್ಟ" ಎಂದ ಮಂಜಣ್ಣ.

"ಯಾವುದು ನಷ್ಟ?"

"ಗೋಡೆಗೆ ಹೋಗೋದು, ಗಾಳಿಗೆ ಹೋಗೋದು, ಕೆಂಡದಲ್ಲಿ ಉಳಿಯೋದು."

"ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗೋದು ಎಲ್ಲಿ? ಬಚ್ಚಲೊಲೆ ಮೇಲಿನ ಹಗ್ಗದಲ್ಲಿ. ಅದು ನೀನು ಗಾಳಿಗೆ ಹೋಯ್ತು ಅಂದ ಶಾಖ. ಹಲಸಿನ ಬೀಜ ಸುಡೋದು, ಗೆಣಸು ಸುಡೋದು ಯಾವುದರಲ್ಲಿ? ನೀನು ಕೆಂಡದಲ್ಲಿ ಉಳೀತು ಅಂದಿದ್ರಲ್ಲಿ. ಗೋಡೆಗೆ ಹೋಗಿದ್ರಲ್ಲಿ ಬೆಕ್ಕು ಬೆನ್ನು ಕಾಯಿಸುತ್ತೆ. ಬೂದಿ ಪಾತ್ರೆ ತಿಕ್ಕೋಕೆ, ಉಳಿದಿದ್ದು ಬಾಳೆ ಬುಡಕ್ಕೆ. ನಿನ್ನ ಪುಸ್ತಕದಲ್ಲಿ ನೂರಕ್ಕೆ ತೊಂಬತ್ತು ನಷ್ಟ ಆಗಿದ್ದನ್ನೇ ನಾವು ಮೂರು ತಲೆಮಾರಿಂದ ತಿಂದುಂಡು ಬದುಕಿದ್ದೀವಿ."

ಮಂಜಣ್ಣನಿಗೆ ಉತ್ತರ ಹೊಳೆಯಲಿಲ್ಲ. ಅದು ಅಪರೂಪದ ದೃಶ್ಯ, ನಾನು ಕಣ್ತುಂಬ ನೋಡಿದೆ. ಹೊಗೆ ಕುಡಿದ ಗಿರಿಯಪ್ಪನ ಅಮ್ಮನ ಕಣ್ಣಿನ ಮಾತು ಯಾರಾದರೂ ಎತ್ತಬಹುದಿತ್ತು. ಎತ್ತಿದವನು ಗಿರಿಯಪ್ಪನೇ. "ಹೊಗೆ ಒಂದು ಇತ್ತು ಅನ್ನು. ಅಡುಗೆಮನೆಗೆ ಆಮೇಲೆ ಅಸ್ತ್ರ ಒಲೆ ಹಾಕಿಸಿದ್ವಿ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮಾಡಿದ್ದು. ಹೊಗೆ ಕೊಳವೆಯಲ್ಲಿ ಹೋಯ್ತು, ಸೌದೆಯೂ ಕಮ್ಮಿ ಆಯ್ತು."

1974ರಲ್ಲಿ ಅಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುಮಾಡಿದ ವಿಭಾಗದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಅಸ್ತ್ರ' ಆಗುತ್ತದೆ. ಗಿರಿಯಪ್ಪನ ಅಜ್ಜಿ ಮಾತ್ರ ಇದು ಮಹಾಭಾರತದ ಯುದ್ಧದಲ್ಲಿ ಉಳಿದುಹೋದ ಆಗ್ನೇಯಾಸ್ತ್ರವೇ ಎಂದು ನಂಬಿ, ಒಲೆ ಹಚ್ಚುವ ಮುಂಚೆ ಕೈಮುಗಿಯುತ್ತಿದ್ದರಂತೆ.

ಇಷ್ಟು ಹೊತ್ತು ಶಿವಣ್ಣ ಆಕಾಶ ನೋಡುತ್ತಿದ್ದ. ಅವನು ಸದಾ ಆಕಾಶ ನೋಡುತ್ತಾನೆ, ಮೋಡ ಇದೆಯಾ ಎಂದು.

"ಸೂರ್ಯ ಬಿಟ್ಟಿ. ಸೋಲಾರ್ ಹಾಕ್ಸು" ಎಂದ. "ಗಾಜಿನ ಕೊಳವೆಗೆ ಎರಡು ಪದರ, ಮಧ್ಯೆ ಗಾಳಿ ತೆಗೆದಿರ್ತಾರೆ. ಥರ್ಮಾಸ್ ಫ್ಲಾಸ್ಕ್ ಇದ್ದ ಹಾಗೆ. ಒಳಗೆ ಬಂದ ಬಿಸಿ ಹೊರಗೆ ಹೋಗೋಲ್ಲ."

"ಒಳಗೆ ಬಂದ ಮಂಗ?"

ಇದು ಹುಣ್ಣಿಗೆ ಉಪ್ಪು. ಹೋದ ವರ್ಷ ಮಂಗಗಳು ಶಿವಣ್ಣನ ಮೂರು ಕೊಳವೆಗಳನ್ನು ಒಡೆದಿದ್ದವು. ಅಲ್ಲದೆ ಮಲೆನಾಡಿನ ಸೆರಗಿನ ನಮ್ಮೂರಲ್ಲಿ ಜುಲೈ ತಿಂಗಳ ಸೂರ್ಯ ರಜೆ ಹಾಕಿದರೆ ಯಾವಾಗ ಬರುತ್ತಾನೆಂದು ಹೇಳುವಂತಿಲ್ಲ. ಆಗ ಟ್ಯಾಂಕಿನ ಕರೆಂಟ್ ಕಾಯಿಲ್ಲೇ ಗತಿ. ಏಪ್ರಿಲ್‌ನಲ್ಲಿ, ಬಿಸಿನೀರು ಯಾರಿಗೂ ಬೇಡವಾದಾಗ, ಅದೇ ಟ್ಯಾಂಕು ಹಬೆ ಉಗುಳುತ್ತ ನಿಂತಿರುತ್ತದೆ. "ಬೇಕಾದಾಗ ಬರೋಲ್ಲ, ಬೇಡದಾಗ ಬಂದು ಕೂರುತ್ತೆ, ನಮ್ಮ ಷಡ್ಡಕನ ಹಾಗೆ" ಎಂದ ಗಿರಿಯಪ್ಪ.

"ಪೈಪಿನ ಕತೆ ಹೇಳು" ಎಂದು ಮಂಜಣ್ಣ ಕೆದಕಿದ.

ಶಿವಣ್ಣನ ಬಚ್ಚಲು ನೆಲಮಹಡಿಯಲ್ಲಿದೆ, ಟ್ಯಾಂಕು ಎರಡನೇ ತಾರಸಿಯ ಮೇಲೆ. ಮುಕ್ಕಾಲು ಇಂಚಿನ ಪೈಪು, ಮೂವತ್ತು ಮೀಟರ್ ಉದ್ದ. ಅಂದರೆ ರಾತ್ರಿಯೆಲ್ಲ ಪೈಪಿನಲ್ಲೇ ನಿಂತು ತಣ್ಣಗಾದ ಒಂಬತ್ತು ಲೀಟರ್ ನೀರು ಮೊದಲು ಇಳಿಯಬೇಕು, ಬಿಸಿನೀರು ಆಮೇಲೆ. ಆ ಅರ್ಧ ಬಕೆಟ್ ನೀರಿಗಾಗಿ ಶಿವಣ್ಣನ ಮನೆಯಲ್ಲಿ ಸರತಿ ನಿಯಮವೇ ಇದೆ. ಮೊದಲು ಸ್ನಾನಕ್ಕೆ ಹೋದವರು ಅದನ್ನು ಹಿಡಿದು ತುಳಸಿಗೆ, ದಾಸವಾಳಕ್ಕೆ ಹಾಕಬೇಕು. ಹೀಗಾಗಿ ಮೊದಲು ಸ್ನಾನಕ್ಕೆ ಯಾರೂ ಹೋಗುವುದಿಲ್ಲ. ದಾಸವಾಳ ಬಾಡಿದೆ.

"ಆದ್ರೂ ನನ್ನ ಬಿಲ್ ನೋಡಿ, ಸೋಲಾರಿಗೆ ಅಂತ ತಿಂಗಳಿಗೆ 50 ರೂಪಾಯಿವರೆಗೂ ಕಡಿತ ಸಿಗ್ತಿತ್ತು" ಎಂದ ಶಿವಣ್ಣ. ಆಮೇಲೆ ದನಿ ತಗ್ಗಿಸಿದ. "ಒಂದೇ ಒಂದು ಕೊರಗು ಉಳೀತು ನೋಡು. 2023ರಲ್ಲಿ ಗೃಹಜ್ಯೋತಿ ಬಂತಲ್ಲ, ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಪುಕ್ಕಟೆ ಅಂದ್ರು, 200 ಯೂನಿಟ್ ಮಿತಿ. ನಾನು ಜಿಪುಣತನ ಮಾಡಿ ಸರಾಸರಿ 60 ಇಟ್ಕೊಂಡಿದ್ದೆ, ನಂಗೆ ಸಿಕ್ಕಿದ್ದು 66. ಪಕ್ಕದ ಮನೆಯವರು ಎರಡು ಗೀಸರ್ ಇಡೀ ದಿನ ಉರಿಸಿ 170 ಮಾಡಿದ್ರು, ಅವರಿಗೆ 187. ಮೊದಲೇ ಗೊತ್ತಿದ್ರೆ ಆ ವರ್ಷ ಒಂದು ಎಮ್ಮೆ ತಂದು ದಿನಾ ಬಿಸಿನೀರು ಹಾಕ್ತಿದ್ದೆ."

ಗ್ಯಾಸ್ ಗೀಸರಿನ ಸಲಹೆ ಕೊಟ್ಟವರು ಭಟ್ಟರು. ಅದಕ್ಕೆ ಮಾತ್ರ ಯಾರೂ ತಮಾಷೆ ಮಾಡಲಿಲ್ಲ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನೊಳಗೆ ಅದನ್ನು ಹಾಕಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು, ವಾಸನೆಯೂ ಬರುವುದಿಲ್ಲ, ಮನುಷ್ಯ ಅಲ್ಲೇ ಕುಸಿದುಬಿಡುತ್ತಾನೆ. ಹಾಕುವುದಾದರೆ ಹೊರಗೆ ಹಾಕಿ ಪೈಪ್ ಎಳೆಸಬೇಕು ಎಂದ ಮಂಜಣ್ಣ. ನಮ್ಮ ಬಚ್ಚಲಿಗೆ ಹೊರಗೋಡೆಯೇ ಇಲ್ಲ, ಮಾತು ಅಲ್ಲಿಗೆ ಮುಗಿಯಿತು.

"ನಮ್ಮಲ್ಲಿ" ಎಂದು ಪಾಂಡು ಶುರುಮಾಡಿದ. ಅವನ 'ನಮ್ಮಲ್ಲಿ' ಎಂದರೆ ಸ್ಟುಟ್‌ಗಾರ್ಟ್. "ನಮ್ಮಲ್ಲಿ ನೀರಲ್ಲ, ಮನೆಯನ್ನೇ ಕಾಯಿಸ್ಬೇಕು. ಪ್ರತಿ ರೂಮಿಗೂ ರೇಡಿಯೇಟರ್, ಅದಕ್ಕೊಂದು ತಿರುಗಣೆ, ಒಂದರಿಂದ ಐದರವರೆಗೆ ನಂಬರ್."

"ಸ್ಟಾರಾ?"

"ಅಲ್ಲ ಮಾರಾಯ. ಮೂರಕ್ಕಿಟ್ರೆ ಸುಮಾರು 20 ಡಿಗ್ರಿ, ನಾಲ್ಕಕ್ಕೆ 24. ಹೋದ ಮೊದಲ ದಿನ ಚಳಿ ಅಂತ ನಾನು ಐದಕ್ಕಿಟ್ಟೆ, ಬೇಗ ಕಾಯ್ಲಿ ಅಂತ. ಮಗ ಬೈದ. ಐದು ಅಂದ್ರೆ ಬೇಗ ಅಲ್ವಂತೆ, ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದಂತೆ. ಮೂರಕ್ಕಿಟ್ರೂ ಐದಕ್ಕಿಟ್ರೂ 20 ಮುಟ್ಟೋಕೆ ಅಷ್ಟೇ ಹೊತ್ತು. ಐದಕ್ಕಿಟ್ಟು ಮರೆತ್ರೆ 28ಕ್ಕೆ ಹೋಗಿ ಬನಿಯನ್ನಲ್ಲಿ ಕೂರ್ಬೇಕು. ಕೂತಿದ್ದೆ. ಅಷ್ಟರಲ್ಲಿ ಸೊಸೆ ಬಂದು ಆ ತಿರುಗಣೆ ಆರಿಸಿ, ಕಿಟಕಿಯನ್ನೆಲ್ಲ ಹಾರು ಹೊಡೆದ್ಳು!"

"ಹೊರಗೆ ಹಿಮ ಬೀಳೋವಾಗ?"

"ಹೌದು ಮತ್ತೆ. ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಪೂರ್ತಿ ತೆಗೀಬೇಕು. ಇಲ್ದಿದ್ರೆ ಒಳಗಿನ ತೇವಕ್ಕೆ ಗೋಡೆ ಬೂಷ್ಟು ಹಿಡಿಯುತ್ತಂತೆ. ಗಾಳಿ ಬದಲಾಗ್ಬೇಕು, ಗೋಡೆ ತಣ್ಣಗಾಗ್ಬಾರದು. ಅದಕ್ಕೇ ಇಷ್ಟುದ್ದ ಹೆಸರು ಬೇರೆ ಇಟ್ಟಿದ್ದಾರೆ, ಹೇಳೋಕೆ ಹೋದ್ರೆ ಹಲ್ಲಿನ ಸೆಟ್ ಸಡಿಲ ಆಗುತ್ತೆ."

ಪಾಂಡುವಿನ ನಿಜವಾದ ಸಲಹೆ ಹೀಟ್ ಪಂಪು. ಫ್ರಿಜ್ಜಿನ ಹಿಂಭಾಗ ಬಿಸಿಯಿರುತ್ತದಲ್ಲ, ಒಳಗಿನ ಶಾಖವನ್ನು ತಂದು ಹಿಂದೆ ಸುರಿಯುವುದರಿಂದ. ಅದೇ ಕಸುಬು ಇದರದ್ದೂ. ಗಾಳಿಯಲ್ಲಿರುವ ಶಾಖವನ್ನು ಹೊತ್ತು ತಂದು ನೀರಿಗೆ ಹಾಕುತ್ತದೆ. ತಾನೇ ಶಾಖ ಹುಟ್ಟಿಸುವುದಿಲ್ಲ, ಹಮಾಲಿ ಮಾಡುತ್ತದೆ. ಆದ್ದರಿಂದ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಶಾಖ ಕೊಡಬಲ್ಲದು. ಗಾಳಿ ಬೆಚ್ಚಗಿದ್ದಷ್ಟೂ ಅದಕ್ಕೆ ಸಲೀಸು. ಜರ್ಮನಿಯ ಹಿಮದಲ್ಲೇ ನಡೆಯುವಾಗ ಶಿವಮೊಗ್ಗದಲ್ಲಿ ಕುಣಿಯುತ್ತದೆ. ಇದನ್ನು ಮಂಜಣ್ಣನೂ ಒಪ್ಪಿದ. ಆಮೇಲೆ ಬೆಲೆ ಕೇಳಿದ. ಪಾಂಡು ಯೂರೋದಲ್ಲಿ ಹೇಳಿದ. ನಾವು ರೂಪಾಯಿಗೆ ತಿರುಗಿಸಿ ಆಕಾಶ ನೋಡಿದೆವು, ಶಿವಣ್ಣನ ಜೊತೆ.

"ಈಗ ಸದ್ಯಕ್ಕೆ ಎಂತ ಮಾಡ್ತಿದ್ದೀಯ?" ಗಿರಿಯಪ್ಪ ಕೇಳಿದ.

"ಬಕೆಟ್ಟಿಗೆ ಕಾಯಿಲ್."

"ಶಹಭಾಸ್!" ಎಂದ ಮಂಜಣ್ಣ. "ಹೀಟ್ ಪಂಪ್ ಒಂದು ಬಿಟ್ರೆ ದಕ್ಷತೆಯಲ್ಲಿ ಅದಕ್ಕೆ ಎದುರಿಲ್ಲ. ಬೇಕಾದ ಒಂದು ಬಕೆಟ್ ಮಾತ್ರ ಕಾಯಿಸುತ್ತೆ, ಪೈಪ್ ಇಲ್ಲ, ಟ್ಯಾಂಕ್ ಇಲ್ಲ, ಅರ್ಧ ಯೂನಿಟ್‌ಗೆ ಸ್ನಾನ. ಒಂದೇ ತೊಂದರೆ, ನೀರು ಕಾದಿದ್ಯಾ ಅಂತ ಸ್ವಿಚ್ ಆರಿಸದೆ ಬೆರಳು ಅದ್ದಿದ್ರೆ ನೀನೂ ಅಷ್ಟೇ ದಕ್ಷವಾಗಿ ಹೋಗ್ತೀಯ."

ಮನೆಗೆ ಹೋಗುವಷ್ಟರಲ್ಲಿ ನಾನು ನಿರ್ಧಾರ ಮಾಡಿದ್ದೆ. 15 ಲೀಟರ್, ಎರಡು ಕಿಲೋವ್ಯಾಟ್, ಐದು ಸ್ಟಾರ್, ಆನೋಡ್ ಕಂಬಿ ಸುಲಭಕ್ಕೆ ಬಿಚ್ಚುವಂಥದ್ದು. ಚೀಟಿಯನ್ನೂ ಬರೆದುಕೊಂಡಿದ್ದೆ. ಬಾಗಿಲು ತೆರೆದರೆ ಬಚ್ಚಲಿಂದ ಸ್ಪ್ಯಾನರಿನ ಸದ್ದು. ಟವೆಲ್ ನೆಲದ ಮೇಲಿತ್ತು. ಬೋಲ್ಟಿನ ಮೇಲೆ ಫಳಫಳ ಹೊಳೆಯುವ ಹೊಸ ಗೀಸರು.

"ಯಾವುದಿದು?" ಎಂದೆ.

"ಅಂಗಡೀಲಿ ಒಂಬತ್ತು ಥರದ್ದು ಇತ್ತು ಸರ್" ಎಂದ ಪ್ಲಂಬರ್ ಹುಡುಗ. "ಹಳೇ ಬೋಲ್ಟಿಗೆ ಸರಿಯಾಗಿ ಕೂರೋದು ಇದೊಂದೇ. ಬೇರೆ ತಗೊಂಡ್ರೆ ಟೈಲ್ಸ್ ಡ್ರಿಲ್ ಮಾಡ್ಬೇಕು. ಅಮ್ಮ ಬೇಡ ಅಂದ್ರು."

"ಆ ಬಣ್ಣದ ಟೈಲ್ಸ್ ಈಗ ಸಿಗೋದೇ ಇಲ್ಲ" ಎಂದಳು ಹೆಂಡತಿ, ಅಡುಗೆಮನೆಯಿಂದ.

"ಅದಿರಲಿ, ಎಷ್ಟು ಸ್ಟಾರು?"

ಹುಡುಗ ಗೀಸರಿನ ಮುಂದೆ ನೋಡಿದ, ಪಕ್ಕ ನೋಡಿದ, ಬಗ್ಗಿ ತಳ ನೋಡಿದ. ಆಮೇಲೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ಪ್ಲಾಸ್ಟಿಕ್ ಕವರಿನ ಕಡೆ ಕೈ ತೋರಿಸಿದ.

"ಸ್ಟಿಕ್ಕರ್ ಅದರ ಜೊತೆಗೇ ಕಿತ್ಕೊಂಡು ಬಂತು ಸರ್."