ಅರಿಶಿನದಲ್ಲಿ ಮೂಡಿಸಿದ ಚಿತ್ರ ಮಾಸುತ್ತಿದೆ, ಉಳಿಸಿಕೊಳ್ಳೋದು ಹೇಗೆ?

ಬಿಸಿಲುಕೋಲು:

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಗಿಡದ ರಸ ಮತ್ತು ಬಿಸಿಲಿನಿಂದ ಚಿತ್ರ ಮೂಡಿಸೋದನ್ನು ಕಲಿಯುತ್ತಿದ್ದೇನೆ. ಆಂಥೋಟೈಪ್ ಅಂತಾರಲ್ಲ, ಅದು.

ಅಪ್ಪ ಸೈಕಲ್ ಚಕ್ರ ಬಿಚ್ಚಿಕೊಂಡು ನೆಲದ ಮೇಲೆ ಕೂತಿರುವ ಒಂದು ಹಳೆಯ ಫೋಟೊ ನನ್ನ ಹತ್ತಿರ ಇದೆ. ಅಪ್ಪ ಈಗಿಲ್ಲ. ಆ ಫೋಟೊವನ್ನು ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ಮಾಡಿಸಿದೆ. ಅರಿಶಿನಪುಡಿಯನ್ನು ಸ್ಪಿರಿಟ್‌ನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ದಪ್ಪ ಡ್ರಾಯಿಂಗ್ ಕಾಗದಕ್ಕೆ ಎರಡು ಸಲ ಬಳಿದು ಕತ್ತಲಲ್ಲಿ ಒಣಗಿಸಿದೆ. ಅದರ ಮೇಲೆ ಹಾಳೆ ಇಟ್ಟು, ಗಾಜು ಒತ್ತಿ, ಮೂರು ಗಂಟೆ ಬಿಸಿಲಿಗಿಟ್ಟೆ. ಕೊನೆಗೆ ಬೋರಾಕ್ಸ್ ಕರಗಿಸಿದ ನೀರು ಸಿಂಪಡಿಸಿದಾಗ ಉಳಿದಿದ್ದ ಹಳದಿ ಕಣ್ಣೆದುರೇ ಕೆಂಗಂದು ಬಣ್ಣಕ್ಕೆ ತಿರುಗಿತು. ಸ್ಪೋಕ್ ಹಿಡಿದ ಬೆರಳುಗಳು, ಮೊಣಕಾಲ ಮೇಲಿನ ಪಂಚೆಯ ಮಡಿಕೆ, ಎಲ್ಲಾ ಬಂದಿತ್ತು.

ಕಟ್ಟು ಹಾಕಿಸಿ ಕಿಟಕಿಯ ಎದುರು ಗೋಡೆಗೆ ತೂಗುಹಾಕಿದೆ. ನಾಲ್ಕೇ ತಿಂಗಳು. ಈಗ ಟೈರು, ಕೂದಲು ಅಷ್ಟೇ ಕಾಣುತ್ತಿದೆ. ಮುಖ ಹೋಗಿಬಿಟ್ಟಿದೆ.

ಇನ್ನೊಂದು ಚಿಕ್ಕ ತುಂಡಿನ ಮೇಲೆ ವಾರ್ನಿಷ್ ಸ್ಪ್ರೇ ಮಾಡಿ ನೋಡಿದೆ. ಬಣ್ಣ ಹರಿದು ಗೆರೆಯೆಲ್ಲಾ ಕಲಸಿಹೋಯಿತು. ಇದನ್ನು ಗಟ್ಟಿಯಾಗಿ ನಿಲ್ಲಿಸುವ ದಾರಿ ಯಾರಿಗಾದರೂ ಗೊತ್ತಾ?

ಹಳೇಕುಂಚ:

ಮೊದಲು ಆ ಚಿತ್ರವನ್ನು ಗೋಡೆಯಿಂದ ಇಳಿಸಿಬಿಡಿ. ಉಳಿದದ್ದನ್ನು ಆಮೇಲೆ ಓದಿ.

ವಾರ್ನಿಷ್ ಯಾಕೆ ಕೈಕೊಟ್ಟಿತು ಅಂದರೆ, ನೀವು ಅರಿಶಿನದ ಬಣ್ಣ ಬಿಡಿಸಿದ್ದೇ ಸ್ಪಿರಿಟ್‌ನಿಂದ. ಕೆಲವು ವಾರ್ನಿಷ್‌ಗಳಲ್ಲೂ ಅದೇ ಜಾತಿಯ ದ್ರವ ಇರುತ್ತದೆ. ಅದು ತಾಗಿದ ಕೂಡಲೇ ಬಣ್ಣ ಮತ್ತೆ ಕರಗಿ ಹರಿಯುತ್ತದೆ.

ಇನ್ನು ಗಟ್ಟಿ ಮಾಡೋ ಮಾತು. ಇಂಥ ಚಿತ್ರವನ್ನು ಸ್ಥಿರ ಮಾಡುವ ಮದ್ದು ಇಲ್ಲ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಳ್ಳಿಯ ಲವಣದ ಫೋಟೊದಲ್ಲಿ ಬೆಳಕು ಕಾಣದೆ ಉಳಿದ ಲವಣವನ್ನು ಹೈಪೊ ಅನ್ನುವ ರಾಸಾಯನಿಕ ಹಾಕಿ ತೊಳೆದು ತೆಗೆಯುತ್ತಾರೆ. ಇನ್ನು ಬದಲಾಗೋಕೆ ಅಲ್ಲಿ ಏನೂ ಇರಲ್ಲ. ನಿಮ್ಮ ಕಾಗದದಲ್ಲಿ ಹಾಗಲ್ಲ. ಬಿಸಿಲು ಬಣ್ಣವನ್ನು ತಿಂದ ಜಾಗ ಬಿಳಿ, ತಿನ್ನದೆ ಬಿಟ್ಟ ಜಾಗವೇ ಚಿತ್ರ. ಆ ಬಿಟ್ಟ ಬಣ್ಣವನ್ನೂ ತೊಳೆದರೆ ಖಾಲಿ ಕಾಗದ ಉಳಿಯುತ್ತದೆ. ಗೋಡೆಯ ಮೇಲೆ ಆ ಮೂರು ಗಂಟೆಯ ಕೆಲಸವೇ ನಿಧಾನವಾಗಿ ಮುಂದುವರಿದಿದೆ, ಅಷ್ಟೇ. ಮುಖದಲ್ಲಿ ಬಣ್ಣ ತೆಳುವಾಗಿತ್ತು, ಅದಕ್ಕೇ ಮೊದಲು ಹೋಯಿತು.

ಇದು ನಿಮ್ಮ ಕೈಯ ತಪ್ಪಲ್ಲ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಹೂವು, ಎಲೆಗಳ ರಸ ಬಳಿದು ಇದೇ ಪ್ರಯೋಗ ಮಾಡಿದ್ದರು. ವಿಜ್ಞಾನ ಲೇಖಕಿ ಮೇರಿ ಸೋಮರ್‌ವಿಲ್ ಮಾಡಿದ ಗಿಡದ ರಸದ ಪ್ರಯೋಗಗಳು 1846ರಲ್ಲಿ ಅಚ್ಚಾದವು, ಅದೂ ಹರ್ಷೆಲ್‌ಗೆ ಬರೆದ ಪತ್ರದ ರೂಪದಲ್ಲಿ. ಅಂಥವರ ಕೈಯಲ್ಲೂ ಇದು ನಿಲ್ಲಲಿಲ್ಲ.

ಯುವಿ ತಡೆಯುವ ಗಾಜು ಹಾಕಿದರೆ ಸ್ವಲ್ಪ ನಿಧಾನ ಆಗುತ್ತದೆ. ಆದರೆ ಕಣ್ಣಿಗೆ ಕಾಣುವ ಬೆಳಕೂ ಇದನ್ನು ತಿನ್ನುತ್ತದೆ. ನಾನು ಏಳು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ಚಿತ್ರಗಳೆಲ್ಲಾ ಆಮ್ಲವಿಲ್ಲದ ಕಪ್ಪು ಕಾಗದದ ನಡುವೆ, ಮುಚ್ಚಿದ ಡಬ್ಬಿಯಲ್ಲಿವೆ. ಮಾಡಿದ ದಿನವೇ ಸ್ಕ್ಯಾನ್ ತೆಗೆದಿಡುತ್ತೇನೆ. ಯಾರಾದರೂ ನೋಡಲು ಬಂದರೆ ಡಬ್ಬಿ ತೆಗೆದು ಒಂದೊಂದೇ ಕೈಗೆ ಕೊಡುತ್ತೇನೆ. ಗೋಡೆಯ ಮೇಲಿದ್ದಾಗ ಅರೆಕ್ಷಣ ನೋಡಿ ಹೋಗುತ್ತಿದ್ದವರು, ಕೈಯಲ್ಲಿ ಹಿಡಿದಾಗ ಐದು ನಿಮಿಷ ಮಾತೇ ಆಡಲ್ಲ. ನನಗಂತೂ ಈ ಚಿತ್ರಗಳನ್ನು ನೋಡಬೇಕಾದ ರೀತಿ ಇದೇ ಅನಿಸಿದೆ.

ಎಲೆಮರೆ:

ಹಳೇಕುಂಚ ಅವರ ರಸಾಯನ ಸರಿ. ಆದರೆ ಡಬ್ಬಿಯೊಂದೇ ದಾರಿ ಅಂತ ನಾನು ಒಪ್ಪಲ್ಲ. ಮನೆಯವರ ಮುಖ ಗೋಡೆಯ ಮೇಲೆ ಇರಬೇಕು ಅನ್ನೋ ಆಸೆ ಸಣ್ಣದಲ್ಲ.

ಅದೇ ಚಿತ್ರವನ್ನು ಸಯನೋಟೈಪ್‌ನಲ್ಲಿ, ಅಂದರೆ ನೀಲಿ ಚಿತ್ರ ಮೂಡಿಸುವ ವಿಧಾನದಲ್ಲಿ, ಮಾಡಿ ನೋಡಿ. ಅದೂ ಹರ್ಷೆಲ್ ಅವರದ್ದೇ, ಅದೇ 1842. ಕಬ್ಬಿಣದ ಎರಡು ಲವಣ ಬೆರೆಸಿ ಬಳಿಯೋದು, ಬಿಸಿಲಿಗಿಡೋದು, ಬರೀ ನೀರಲ್ಲಿ ತೊಳೆಯೋದು. ಬಳಿಯುವಾಗ ಕೈಗವಸು ಇರಲಿ. ಮರುವರ್ಷದಿಂದಲೇ ಸಸ್ಯಶಾಸ್ತ್ರಜ್ಞೆ ಆನಾ ಆಟ್ಕಿನ್ಸ್ ಕಡಲಪಾಚಿಯ ಚಿತ್ರಗಳನ್ನು ಇದರಲ್ಲಿ ಪುಸ್ತಕವಾಗಿ ತಂದರು. ಅವುಗಳ ನೀಲಿ ಇವತ್ತಿಗೂ ಇದೆ. ನೆನಪಿಡಿ, ಇದಕ್ಕೆ ನೆಗೆಟಿವ್ ಬೇಕು. ಅರಿಶಿನದಲ್ಲಿ ಬಿಸಿಲು ಬಿದ್ದ ಜಾಗ ಬಿಳಿಯಾದರೆ ಇಲ್ಲಿ ಬಿಸಿಲು ಬಿದ್ದ ಜಾಗವೇ ನೀಲಿ. ಬೆಳಕಿಗೆ ಇದೂ ಕೊಂಚ ಮಾಸುತ್ತದೆ, ಆದರೆ ಕೆಲ ದಿನ ಕತ್ತಲಲ್ಲಿಟ್ಟರೆ ಬಣ್ಣ ಬಹುಮಟ್ಟಿಗೆ ಮರಳುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಇನ್ನೊಂದು. ನಾನು ಹಸಿ ಎಲೆಗಳ ಮೇಲೇ ಚಿತ್ರ ಮೂಡಿಸುತ್ತೇನೆ. ಬಿನ್ ಡಾನ್ ಅನ್ನುವ ಕಲಾವಿದ ವಿಯೆಟ್ನಾಂ ಯುದ್ಧದ ಚಿತ್ರಗಳನ್ನು ಎಲೆಯ ಹಸಿರಿನಲ್ಲೇ ಮೂಡಿಸಿ ರಾಳದ ಅಚ್ಚಿನೊಳಗೆ ಹಿಡಿದಿಟ್ಟಿದ್ದಾರೆ. ಅದನ್ನು ನೋಡಿಯೇ ನಾನು ಶುರು ಮಾಡಿದ್ದು. ರಾಳದಲ್ಲಿಟ್ಟ ಎಲೆ ಒಣಗಿ ಮುರುಟಲ್ಲ, ಪುಡಿಯಾಗಲ್ಲ. ಆದರೆ ರಾಳದ ಮೂಲಕವೂ ಬೆಳಕು ಹಾಯುತ್ತದೆ, ಕಿಟಕಿಯ ಎದುರು ಮಾತ್ರ ಇಡಬೇಡಿ.

ಹಳೇಕುಂಚ:

ಎಲೆಮರೆ ಹೇಳಿದ್ದು ನ್ಯಾಯ. ಗೋಡೆಗೆ ನೀಲಿಯೇ ಇರಲಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಹೆದರ್ ಆಕ್ರಾಯ್ಡ್ ಮತ್ತು ಡ್ಯಾನ್ ಹಾರ್ವಿ ಅಂತ ಇಬ್ಬರು ಕಲಾವಿದರಿದ್ದಾರೆ. ಗೋಡೆಯಂತೆ ನಿಲ್ಲಿಸಿದ ಹಲಗೆಗೆ ಮಣ್ಣು ಮೆತ್ತಿ ಹುಲ್ಲು ಬೆಳೆಸುತ್ತಾರೆ. ಕತ್ತಲ ಕೋಣೆಯಲ್ಲಿ ಅದರ ಮೇಲೆ ನೆಗೆಟಿವ್‌ನ ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಎಸಳು ಹಸಿರು, ಬೀಳದ್ದು ಹಳದಿ. ಹಾಗೆ ಆಳೆತ್ತರದ ಮುಖಗಳು ಮೂಡುತ್ತವೆ. ಅವೂ ಮಾಸುತ್ತವೆ. ಬೇಗ ಹಳದಿಯಾಗದ ಹುಲ್ಲಿನ ತಳಿಗಾಗಿ ಅವರು ವಿಜ್ಞಾನಿಗಳ ಜೊತೆ ಸೇರಿ ವರ್ಷಗಟ್ಟಲೆ ದುಡಿದಿದ್ದಾರೆ. ಇಷ್ಟು ಶ್ರಮ ಪಟ್ಟರೂ ಹುಲ್ಲನ್ನು ಬಿಟ್ಟು ಬಣ್ಣದ ಡಬ್ಬಿಗೆ ಕೈ ಹಾಕಲಿಲ್ಲ. ಮುಖ ಅಲ್ಲಿ ಬೆಳೆದು ಬರುತ್ತದೆ. ಬಳಿದರೆ ಅದು ಸಿಗಲ್ಲ, ಅಲ್ವಾ?

ನಿಮ್ಮ ಆ ಪಾರದರ್ಶಕ ಹಾಳೆ ಇನ್ನೂ ಇದೆಯಾ? ಇದ್ದರೆ ಅಪ್ಪನ ಮುಖ ಎಲ್ಲೂ ಹೋಗಿಲ್ಲ.

ಬಿಸಿಲುಕೋಲು:

ಹಾಳೆ ಇದೆ. ಒಂದು ಮೂಲೆ ಸ್ವಲ್ಪ ಗೀಚಿದೆ, ಮುಖಕ್ಕೆ ಏನೂ ಆಗಿಲ್ಲ.

ಚಿತ್ರವನ್ನು ಇಳಿಸಿದ್ದೇನೆ. ಕಟ್ಟು ಬಿಚ್ಚಿದಾಗ ಒಂದು ಕಂಡಿತು. ಚೌಕಟ್ಟಿನ ಅಂಚು ಮುಚ್ಚಿದ್ದ ಕಡೆ, ಬೆರಳಗಲದ ಪಟ್ಟಿಯಲ್ಲಿ, ಬಣ್ಣ ಮೊದಲ ದಿನ ಇದ್ದ ಹಾಗೇ ಇದೆ. ಅಪ್ಪನ ಪಾದದ ತುದಿ ಆ ಪಟ್ಟಿಯಲ್ಲಿ ಬಂದಿದೆ. ಹೆಬ್ಬೆರಳ ಉಗುರು ಸಹ ಬೊಟ್ಟು ಮಾಡಿ ತೋರಿಸುವಷ್ಟು ಸ್ಪಷ್ಟ.

ನೀಲಿಗೆ ನೆಗೆಟಿವ್ ಮಾಡಿಸಲು ಕೊಟ್ಟಿದ್ದೇನೆ. ಅರಿಶಿನದಲ್ಲಿ ಇನ್ನೊಂದು ಪ್ರತಿ ಮಾಡಿ ಡಬ್ಬಿಗೆ ಹಾಕುತ್ತೇನೆ, ಈ ಸಲ ಮೂರು ಸಲ ಬಳಿಯಬೇಕು ಅಂತಿದ್ದೇನೆ. ಹೀಗೆ ದಪ್ಪ ಬಳಿದರೆ ಬಿಸಿಲಿಗೆ ಎಷ್ಟು ಹೊತ್ತು ಜಾಸ್ತಿ ಇಡಬೇಕು, ಹಳೇಕುಂಚ ಅವರೇ?

ಹಳೇಕುಂಚ:

ಗಡಿಯಾರ ನೋಡಬೇಡಿ. ಅದೇ ಕಾಗದದ ಒಂದು ಪಟ್ಟಿ ಕತ್ತರಿಸಿ ಪಕ್ಕದಲ್ಲೇ ಬಿಸಿಲಿಗಿಡಿ, ಅರ್ಧ ರಟ್ಟಿನಿಂದ ಮುಚ್ಚಿ. ಅರ್ಧ ಗಂಟೆಗೊಮ್ಮೆ ರಟ್ಟು ಎತ್ತಿ ನೋಡಿ. ತೆರೆದ ಅರ್ಧ ಕೆನೆಬಣ್ಣಕ್ಕೆ ಬಂದ ಮೇಲೆ ಚಿತ್ರ ಒಳಗೆ ತನ್ನಿ.