ನೈಟ್ ಡ್ಯೂಟಿ ಶುರುವಾದ ಮೇಲೆ ತೂಕ ಏರುತ್ತಿದೆ, ನಿಮಗೂ ಹೀಗಾಗಿತ್ತಾ?

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ತಿಂಗಳಲ್ಲಿ ಎರಡು ವಾರ ನೈಟ್. ಒಂದೂವರೆ ವರ್ಷದಲ್ಲಿ 58 ಕೆಜಿ ಇದ್ದವಳು 66 ಆಗಿದ್ದೇನೆ. ಊಟವೇನೂ ಜಾಸ್ತಿ ಮಾಡಿಲ್ಲ, ಥೈರಾಯ್ಡ್ ನಾರ್ಮಲ್ ಇದೆ. ಹೀಗಾದವರು ಏನು ಮಾಡಿದಿರಿ, ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯಿಂದ

ತಂಗಿ, ನಾನು ಅಡಿಕೆ ತೋಟದ ಮನೆಯವಳು. ನಮಗೂ ವರ್ಷಕ್ಕೊಮ್ಮೆ ನೈಟ್ ಡ್ಯೂಟಿ ಇದ್ದೇ ಇದೆ. ಕೊಯ್ಲಿನ ಸಮಯದಲ್ಲಿ ಮೆಟ್ಟುಕತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂತರೆ ಏಳುವಾಗ ರಾತ್ರಿ ಒಂದು ಗಂಟೆ. ಹತ್ತೂವರೆಗೊಂದು ಚಹಾ, ಹನ್ನೆರಡಕ್ಕೆ ಇನ್ನೊಂದು. ಜೊತೆಗೆ ಒಗ್ಗರಣೆ ಅವಲಕ್ಕಿ. ಕೈಗೆಲ್ಲ ಚೊಗರು ಹತ್ತಿರುತ್ತಿತ್ತು, ಚಮಚದಲ್ಲೇ ತಿನ್ನುತ್ತಿದ್ದೆವು. ಬೆಳಿಗ್ಗೆ ಹಸಿವೇ ಆಗದೆ ತಿಂಡಿ ಬಿಡುತ್ತಿದ್ದೆ. ಕೊಯ್ಲು ಮುಗಿಯುವ ಹೊತ್ತಿಗೆ ಪ್ರತಿ ವರ್ಷ ರವಿಕೆ ಬಿಗಿ. ಇಷ್ಟು ದುಡಿದರೂ ಯಾಕೆ ದಪ್ಪ ಆಗುತ್ತೇನೆ ಅಂತ ನಿಜಕ್ಕೂ ಅಳು ಬರುತ್ತಿತ್ತು.

ಹೋದ ವರ್ಷ ಏಳೂವರೆಗೇ ಊಟ ಮುಗಿಸಿ ಸುಲಿಯಲು ಕೂತೆ. ಆಮೇಲೆ ಬರೀ ಜೀರಿಗೆ ಕಷಾಯ, ಬೆಲ್ಲ ಹಾಕದೆ. ಮೊದಲ ನಾಲ್ಕೈದು ದಿನ ಕಷ್ಟ ಆಯಿತು. ಆಮೇಲೆ ಬೆಳಿಗ್ಗೆ ಸರಿಯಾಗಿ ಹಸಿವಾಗತೊಡಗಿತು, ಎರಡು ಅಕ್ಕಿ ರೊಟ್ಟಿ ಹೊಟ್ಟೆ ತುಂಬಾ ತಿನ್ನುತ್ತಿದ್ದೆ. ಆ ಸಲ ರವಿಕೆಯ ಹೊಲಿಗೆ ಬಿಚ್ಚಬೇಕಾಗಿ ಬರಲಿಲ್ಲ.

ಭದ್ರಾವತಿಯಿಂದ

ಫೌಂಡ್ರಿಯಲ್ಲಿ ಹನ್ನೊಂದು ವರ್ಷ ಶಿಫ್ಟ್ ಮಾಡಿದವನು ನಾನು. ಊಟಕ್ಕಿಂತ ಮೊದಲು ನಿದ್ದೆ ನೋಡಿಕೊಳ್ಳಿ ಮೇಡಂ. ಹಗಲು ನಾಲ್ಕು ಗಂಟೆ ಮಲಗಿ ಎದ್ದ ದಿನ ಸುಮ್ನೆ ಸಿಹಿ ಬೇಕು ಅನಿಸುತ್ತಿತ್ತು, ಬೇಕರಿ ದಾಟಿ ಹೋಗಲು ಆಗುತ್ತಿರಲಿಲ್ಲ. ಕಿಟಕಿಗೆ ಕಪ್ಪು ಕಂಬಳಿ ಕಟ್ಟಿದೆ, ಫೋನ್ ಹೊರಗಿಟ್ಟೆ. ಆರೂವರೆ ಗಂಟೆ ನಿದ್ದೆ ಬಂತು. ಆ ಆಸೆ ಅರ್ಧಕ್ಕರ್ಧ ಕಮ್ಮಿಯಾಯಿತು.

ಸಾಗರದಿಂದ

ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮೇಲಿನ ಇಬ್ಬರು ಹೇಳಿದ್ದಕ್ಕೂ ಕಾರಣ ಇದೆ. ನಮ್ಮ ಮಿದುಳಿನಲ್ಲಿ ಸುಮಾರು 20,000 ನರಕೋಶಗಳ ಒಂದು ಸಣ್ಣ ಗುಂಪು ಕಣ್ಣಿಗೆ ಬೀಳುವ ಬೆಳಕು ನೋಡಿ ಹಗಲು ರಾತ್ರಿಯ ಲೆಕ್ಕ ಇಡುತ್ತದೆ. ಲಿವರ್‌ಗೆ, ಇನ್ಸುಲಿನ್ ಮಾಡುವ ಪ್ಯಾಂಕ್ರಿಯಾಸ್‌ಗೆ, ಕೊಬ್ಬಿಗೆ ಕೂಡ ಅವುಗಳದೇ ಗಡಿಯಾರ ಇದೆ. ಅವು ಊಟದ ಹೊತ್ತನ್ನೂ ನೋಡುತ್ತವೆ. ಮಧ್ಯರಾತ್ರಿ ಅನ್ನ ಹಾಕಿದರೆ ಮಿದುಳು ರಾತ್ರಿ ಅನ್ನುತ್ತದೆ, ಲಿವರ್ ಹಗಲು ಅಂದುಕೊಳ್ಳುತ್ತದೆ. ರಾತ್ರಿ ಏರುವ ಮೆಲಟೋನಿನ್ ಅನ್ನುವ ಹಾರ್ಮೋನ್, ಸಕ್ಕರೆ ಇಳಿಸುವ ಇನ್ಸುಲಿನ್ ಬರುವುದನ್ನು ಕಮ್ಮಿ ಮಾಡುತ್ತದೆ. ಹಾಗಾಗಿ ಬೆಳಿಗ್ಗೆ ತಿಂದ ಅದೇ ಅನ್ನ ರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ.

2021ರಲ್ಲಿ ಅಮೆರಿಕದ ಸಂಶೋಧಕರು 19 ಜನರಿಗೆ ನೈಟ್ ಶಿಫ್ಟ್‌ನ ಹಾಗೇ ನಿದ್ದೆ, ಎಚ್ಚರ ಬದಲಿಸಿ ನೋಡಿದರು. ರಾತ್ರಿಯೂ ತಿಂದವರ ಸಕ್ಕರೆ 6.4% ಏರಿತು. ಹಗಲು ಮಾತ್ರ ತಿಂದವರಿಗೆ ಏರಲಿಲ್ಲ. ಬೇಕರಿ ಆಸೆಯ ವಿಷಯವೂ ಹಾಗೇ. 2004ರಲ್ಲಿ 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ, ಹಸಿವು ಹುಟ್ಟಿಸುವ ಗ್ರೆಲಿನ್ 28% ಜಾಸ್ತಿ ಇತ್ತು, ಸಾಕು ಅನ್ನಿಸುವ ಲೆಪ್ಟಿನ್ 18% ಕಮ್ಮಿ ಇತ್ತು.

ಹಾಗಂತ ಎಷ್ಟು ತಿನ್ನುತ್ತೇವೆ ಅನ್ನುವುದು ಲೆಕ್ಕಕ್ಕಿಲ್ಲ ಅಂತಲ್ಲ. ಅದರ ಜೊತೆ ಯಾವಾಗ ಅನ್ನುವುದೂ ಸೇರುತ್ತದೆ ಅಷ್ಟೇ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತು ಬದಲಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಎರಡು ಗಂಟೆಗೆ ವಾರ್ಡಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚುತ್ತೇವೆ, ನನ್ನದು ಪೂರ್ತಿ ಚಿತ್ರಾನ್ನ. ಇವತ್ತು ಏಳಕ್ಕೇ ಊಟ ಮಾಡಿ ಹೊರಡುತ್ತೇನೆ. ಬೆಳಿಗ್ಗೆ ಬಂದು ಏನೂ ತಿನ್ನದೆ ಮಲಗಲಾ ಅಕ್ಕ?

ತೀರ್ಥಹಳ್ಳಿ ಕಡೆಯಿಂದ

ಬೇಡ ತಂಗಿ, ಖಾಲಿ ಹೊಟ್ಟೆಯಲ್ಲಿ ನಿದ್ದೆ ಹತ್ತೋದಿಲ್ಲ. ಒಂದು ಲೋಟ ರಾಗಿ ಗಂಜಿ ಮಜ್ಜಿಗೆ ಹಾಕಿ ಕುಡಿದು ಮಲಗು. ಮಧ್ಯಾಹ್ನ ಎದ್ದು ಸರಿಯಾಗಿ ಊಟ ಮಾಡು. ಒಂದು ತಿಂಗಳು ನೋಡಿ ಇಲ್ಲೇ ಬಂದು ಹೇಳು.